ದರ್ಶನ್ ತಂದ ಮಣ್ಣು

ಚಿನ್ನಮ್ಮನ ತಿಥಿಯ ಊಟ ಮುಗಿಸಿ ಕೈ ತೊಳೆದು ಬಂದ ದರ್ಶನ್, ಟವೆಲಿಗೆ ಕೈ ಒರೆಸುತ್ತ, ಮನೆ ತುಂಬ ಜನರಿರುವಾಗ ಅವಳ ಮಗ ಯತೀಶನಿಗೆ ಹೇಳಿದ್ದು ಇಷ್ಟೇ:

“ಏನ್ ಮಾಡೋಕಾಗತ್ತೆ ಮಗಾ. ಮನೆ ನಿಂದು, ಇಂಜಿನಿಯರ್ರೂ ನೀನೇ. ಆ ಗುಡ್ಡೆ ಹತ್ರ ಹೋಗ್ಬೇಡಮ್ಮ ಅಂತ ನೀನೊಂದ್ ಮಾತು ಹೇಳ್ಬೇಕಿತ್ತು.”

ಸುತ್ತ ಕೂತಿದ್ದವರು ಹೌದೆನ್ನುವಂತೆ ತಲೆದೂಗಿದರು. ಯತೀಶನೂ ತಲೆದೂಗಿದ. ಆಮೇಲೆ ಅಡುಗೆಮನೆಗೆ ಹೋಗಿ ಸಿಂಕಿನ ಅಂಚು ಹಿಡಿದುಕೊಂಡು, ಕಿಟಕಿಯಾಚೆಯ ಮಣ್ಣಿನ ಗುಡ್ಡೆಯನ್ನೇ ನೋಡುತ್ತ ನಿಂತ. ಇವನನ್ನು ಸುಮ್ಮನೆ ಬಿಡಬಾರದು ಎಂದು ಅವನು ತೀರ್ಮಾನಿಸಿದ್ದು ಅಲ್ಲಿ, ಪಾಯಸದ ಪಾತ್ರೆಗಳ ನಡುವೆ.

ಆ ಮಣ್ಣು ದರ್ಶನನದೇ. ಮೆಲ್ಬರ್ನಿನ ಪಶ್ಚಿಮದ ಅಂಚಿನಲ್ಲಿರುವ ಟ್ರುಗನಿನಾದ ಆ ಬಡಾವಣೆಯನ್ನು ಕಟ್ಟಿದವನು ಅವನು. ಕನ್ನಡದವರೆಲ್ಲ ನಮ್ಮ ಹುಡುಗ ಎಂದು ನಂಬಿ ಅವನಲ್ಲಿ ಮನೆ ಕೊಂಡಿದ್ದರು, ಯತೀಶನೂ ಕೊಂಡಿದ್ದ. ಇಬ್ಬರೂ ಓದಲು ಬಂದ ಹೊಸತರಲ್ಲಿ ಡ್ಯಾಂಡಿನಾಂಗಿನ ಒಂದೇ ರೂಮಿನಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದವರು. ದರ್ಶನ್ ಕಂಪ್ಯೂಟರ್ ಕೋರ್ಸು ಅರ್ಧಕ್ಕೆ ಬಿಟ್ಟು ಕಾಂಕ್ರೀಟ್ ಕೆಲಸಕ್ಕೆ ಹೋದ, ಬಿಲ್ಡರ್ ಆದ. ಯತೀಶ ಓದು ಮುಗಿಸಿ, ಖಾಯಂ ನೆಲೆಸಲು ಪಿಆರ್ ಪಡೆದು, ಅಲ್ಲಿನ ನಗರಸಭೆಯಾದ ಕೌನ್ಸಿಲ್ಲಿನ ಚರಂಡಿ ವಿಭಾಗದಲ್ಲಿ ಇಂಜಿನಿಯರ್ ಆದ. ಯತೀಶನ ಮನೆಯ ಹಿಂದಿನ ಇಳಿಜಾರನ್ನು ಮಟ್ಟ ಮಾಡಲು ದರ್ಶನ್ ಎಲ್ಲೋ ಕೆಡವಿದ ಹಳೆಯ ಇಟ್ಟಿಗೆ ಕಾರ್ಖಾನೆಯ ಜಾಗದಿಂದ ಹಳದಿ ಜೇಡಿ ಮಣ್ಣು ಹೊಡೆಸಿದ. ಒಂದೊಂದೇ ಪದರಕ್ಕೆ ರೋಲರ್ ಓಡಿಸಿ ಕೂರಿಸಬೇಕಾದ ಮಣ್ಣನ್ನು ಲಾರಿಯಿಂದ ಸುರಿದು ಹಾಗೇ ಬಿಟ್ಟ. ಅಡ್ಡಕ್ಕೆ ಸ್ಲೀಪರುಗಳೆಂಬ ಮರದ ತೊಲೆಗಳ ಒಂದು ಗಿಡ್ಡ ತಡೆಗೋಡೆ. ಮೇಲೆ ಇನ್ನೊಂದು ಸ್ಲೀಪರ್ ಇಟ್ಟಿದ್ದರೆ ಆ ಎತ್ತರಕ್ಕೆ ಪರ್ಮಿಟ್ ಬೇಕಾಗುತ್ತಿತ್ತು, ಆದ್ದರಿಂದ ಇಡಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ಯತೀಶ ಆಫೀಸಿನಲ್ಲಿದ್ದಾಗ, ಚಿನ್ನಮ್ಮ ಆ ಗುಡ್ಡೆ ಹತ್ತಿದಳು. ಗೋಡೆ ಬಾಯಿ ಬಿಟ್ಟಿತು. ಮಣ್ಣಿನ ಜೊತೆಗೇ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ಸೋಂಕು ತಗಲಿತು. ಕೊನೆಯ ದಿನಗಳಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದ್ದರಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅವಳು ಹೋದ ಮೇಲೆ ಯತೀಶ ದೂರು ಕೊಟ್ಟ. ದೂರು ಸುತ್ತಿ ಬಳಸಿ ಅವನ ಕೌನ್ಸಿಲ್ಲಿಗೇ ಬಂತು. ಗೋಡೆಯ ಎತ್ತರ ನಿಯಮದೊಳಗಿದೆ. ಮಣ್ಣು ತುಂಬುವುದಕ್ಕೆ, ನೆಲ ಮಟ್ಟ ಮಾಡುವುದಕ್ಕೆ ಸ್ಥಳೀಯವಾಗಿ ಪ್ರತ್ಯೇಕ ನಿಯಮವೇ ಇಲ್ಲ. ಆದ್ದರಿಂದ ತಪ್ಪು ನಡೆದಿಲ್ಲ. ಹೀಗೆಂದು ಹೇಳಿದವರು ಅವನ ಪಕ್ಕದ ಟೇಬಲ್ಲಿನವರು, ಹೇಳುವಾಗ ಅವನ ಮುಖ ನೋಡಲಿಲ್ಲ.

ನಿಯಮ ಇಲ್ಲವಾದರೆ ಮಾಡೋಣ ಎಂದುಕೊಂಡ ಯತೀಶ.

ನಿಯಮಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಮೀನು. ಬೆರಳುದ್ದ, ಮೈಮೇಲೆ ಹುರುಪೆಯೂ ಇಲ್ಲದ, ಸಾರಿಗೂ ಸಾಲದ ಮೀನು. ಗ್ಯಾಲಾಕ್ಸಿಯಸ್ ಎಂದು ಹೆಸರು. ಕೌನ್ಸಿಲ್ಲಿನ ಪರಿಸರ ವಿಭಾಗದ ಹೆಲೆನ್ ಎಂಬಾಕೆ ಅದಕ್ಕಾಗಿ ಜೀವ ಬಿಡುತ್ತಿದ್ದಳು. ಪೆಲಿಕನ್ ಕ್ರೀಕ್ ಎಂಬ ತೊರೆ ಸಮುದ್ರ ಸೇರುವ ಕಡೆ, ಮಾರ್ಚ್ ಏಪ್ರಿಲಿನ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ನೀರು ದಂಡೆಯ ಹುಲ್ಲಿನೊಳಗೆ ಏರುತ್ತದೆ. ಆಗ ಈ ಮೀನು ಹುಲ್ಲಿನ ಬುಡದಲ್ಲಿ ಮೊಟ್ಟೆಯಿಟ್ಟು ಇಳಿದುಹೋಗುತ್ತದೆ. ನೀರೂ ಇಳಿಯುತ್ತದೆ. ಮೊಟ್ಟೆಗಳು ಮಾತ್ರ ಒಣ ದಂಡೆಯ ಮೇಲೆ, ಹುಲ್ಲಿನ ತಂಪಿನಲ್ಲಿ, ಮುಂದಿನ ದೊಡ್ಡ ಉಬ್ಬರಕ್ಕಾಗಿ ಕಾಯುತ್ತ ಕೂರುತ್ತವೆ. ಆ ಹೊತ್ತಿನಲ್ಲಿ ಯಾರಾದರೂ ದಂಡೆ ಮಟ್ಟ ಮಾಡಿದರೆ, ಒಂದು ತೆಳು ಪದರ ಮಣ್ಣು ಸುರಿದರೂ ಸಾಕು, ಆ ವರ್ಷದ ಸಂತಾನವೇ ಹೋಯಿತು.

ಹೆಲೆನ್ ಇದನ್ನು ಹೇಳಿ ಹೇಳಿ ಸುಸ್ತಾಗಿದ್ದಳು. ಬಡಾವಣೆಗಳು ಕ್ರೀಕಿನವರೆಗೂ ನುಗ್ಗುತ್ತಿದ್ದವು, ಬಿಲ್ಡರುಗಳು ಗುರುಗುಟ್ಟುತ್ತಿದ್ದರು, ಕರಡು ನಿಯಮ ಮೂಲೆಗೆ ಬಿದ್ದಿತ್ತು. ಯತೀಶ ತಾನಾಗಿಯೇ ಕೈ ಎತ್ತಿದಾಗ ಅವಳಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಾಯಿಯನ್ನು ಕಳೆದುಕೊಂಡ ಮೇಲೆ ಮನುಷ್ಯ ಕೆಲಸದಲ್ಲಿ ಮುಳುಗಿದ್ದಾನೆ, ಪಾಪ, ಎಂದು ಆಫೀಸಿನಲ್ಲಿ ಎಲ್ಲರೂ ಅಂದುಕೊಂಡರು. ಯತೀಶ ಯಾರನ್ನೂ ತಿದ್ದಲು ಹೋಗಲಿಲ್ಲ. ಪೆಲಿಕನ್ ಕ್ರೀಕಿನ ದಂಡೆಯ ಮೇಲಿನ ಅತಿ ದೊಡ್ಡ ಜಾಗ ದರ್ಶನನದು; ಮನೆಯನ್ನೂ ಅಡವಿಟ್ಟು, ಇದ್ದಬದ್ದದ್ದನ್ನೆಲ್ಲ ಅವನು ಅದರಲ್ಲಿ ಸುರಿದಿದ್ದಾನೆಂಬುದು ಯತೀಶನಿಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ತೊರೆ ಸಂರಕ್ಷಣೆಯ ಬಗ್ಗೆ ಒಂದು ವರ್ಕ್‌ಶಾಪ್ ನಡೆಯಿತು. ಯತೀಶ ತಂಗಿ ಕೃಪಾಳ ಮನೆಯಲ್ಲಿ ಉಳಿದುಕೊಂಡ. ಸ್ಕೋಫೀಲ್ಡ್ಸಿನಲ್ಲಿ ಆಗಷ್ಟೇ ಎದ್ದ ಮನೆ, ಸುತ್ತ ಖಾಲಿ ಸೈಟುಗಳು, ಪೇಟೆಗೆ ಹೋಗಿಬರುವುದರಲ್ಲೇ ದಿನ ಮುಗಿಯುವಷ್ಟು ದೂರ. ಆ ವರ್ಕ್‌ಶಾಪಿನಲ್ಲಿ, ನಿದ್ದೆ ಬರಿಸುವ ಒಂದು ಭಾಷಣದ ನಡುವೆ, ಅವನಿಗೆ ಬೇಕಾದದ್ದು ಸಿಕ್ಕಿತು. ರಾತ್ರೋರಾತ್ರಿ ಬಂದು ಮಣ್ಣು ಸುರಿದು ಹೋಗುವವರನ್ನು ಹಿಡಿಯುವುದು ಕಷ್ಟ, ಆದ್ದರಿಂದ ಹೊಣೆಯನ್ನು ನೆಲದ ಒಡೆಯನ ತಲೆಗೇ ಕಟ್ಟಬೇಕು ಎಂದು ಭಾಷಣಕಾರ ಹೇಳಿದ. ಯಾರು ಸುರಿದರು ಎಂಬ ಪ್ರಶ್ನೆಯೇ ಬೇಡ. ನೆಲ ಯಾರದೋ ಹೊಣೆ ಅವರದು.

ಯತೀಶ ಅಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದ. ಕೃಪಾ ಅವನ ಎದುರು ಕೂತು ಸಾರು ಬಡಿಸುತ್ತ ಕೇಳಿದಳು: “ಅಣ್ಣಾ, ಅಮ್ಮ ಆ ಗುಡ್ಡೆ ಯಾಕೆ ಹತ್ತಿದ್ಳು? ಮಂಡಿನೋವು ಅಂತ ಮೆಟ್ಲೇ ಹತ್ತಲ್ಲ ಅಂತಿದ್ದೋಳು.”

“ಯಾಕೋ ಹತ್ತಿದ್ಲು. ಅದೆಲ್ಲ ಈಗ್ಯಾಕೆ?”

“ಇಲ್ಲ, ಏನೋ ಕೆಲ್ಸ ಇತ್ತು ಅವಳಿಗೆ. ಆಸ್ಪತ್ರೆಲಿ ನನ್ ಕೈ ಹಿಡ್ಕೊಂಡು ಹಿಂದ್ಗಡೆ ನೀರು, ಹಿಂದ್ಗಡೆ ನೀರು ಅಂತಾನೇ ಅಂತಿದ್ಳು.”

“ಜ್ವರದಲ್ಲಿ ಎಲ್ರೂ ಏನೇನೋ ಅಂತಾರೆ ಕೃಪಾ. ಅವಳು ಹತ್ತಿದ್ದು ತಪ್ಪಲ್ಲ. ಹತ್ತಿದ್ ಕೂಡ್ಲೇ ಅದು ಕುಸೀತಲ್ಲ, ಅದು ತಪ್ಪು.”

ಕೃಪಾ ಇನ್ನೊಂದು ಸೌಟು ಸಾರು ಬಡಿಸಿದಳು. ಅಣ್ಣ ಒಮ್ಮೆ ಹಿಡಿದರೆ ಬಿಡುವವನಲ್ಲ, ಚಿಕ್ಕಂದಿನಿಂದ ಕಂಡದ್ದೇ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಮರೆತರೂ ಹಿಂದೆ ಹೋಗಿ ಕೇಳಿ ಪಡೆದು ಬರುತ್ತಿದ್ದ ಹುಡುಗ ಅವನು. ಮನೆಯವರೆಲ್ಲ ಅವನಿಗೆ ಹೆದರಿ ಅಷ್ಟೋ ಇಷ್ಟೋ ಮುಚ್ಚಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಮೆಲ್ಬರ್ನಿಗೆ ಮರಳಿದ ಮೇಲೆ ನಿಯಮ ಬೇಗ ಬೇಗ ಬೆಳೆಯಿತು. ಕ್ರೀಕಿನ ದಂಡೆಯಿಂದ ಇಷ್ಟು ದೂರದೊಳಗೆ ನೆಲ ಅಗೆಯುವುದು, ತುಂಬುವುದು, ಮಟ್ಟ ಮಾಡುವುದು ಮೀನು ಮೊಟ್ಟೆಯಿಡುವ ಕಾಲದಲ್ಲಿ ನಿಷಿದ್ಧ. ಯಾರೇ ಮೀರಿರಲಿ, ನೆಲದ ಒಡೆಯನ ಬಡಾವಣೆಯ ಪರ್ಮಿಟ್ ರದ್ದು. ಸುರಿದ ಮಣ್ಣು ಎಲ್ಲಿಯದೆಂದು ಪರೀಕ್ಷೆ ಆಗಲೇಬೇಕು. ಕೊನೆಯಲ್ಲಿ ಹೆಲೆನ್ ಒಂದು ಅನುಮಾನ ತೆಗೆದಳು: ಮಣ್ಣು ಬಿದ್ದದ್ದು ಕಂಡ ಕೂಡಲೇ ಒಡೆಯ ಅದನ್ನು ಬಳಿದು ತೆಗೆಸಿದರೆ ಗುರುತೂ ಹೋಗುತ್ತದೆ, ಅಡಿಯಲ್ಲಿ ಉಳಿದ ಮೊಟ್ಟೆಯೂ ಹೋಗುತ್ತದೆ, ಅದಕ್ಕೇನು ಮಾಡೋಣ? ಯತೀಶ ಆ ಸಾಲನ್ನು ತಾನೇ ಬರೆದ. ಮುಂದಿನ ಅಮಾವಾಸ್ಯೆಯ ಉಬ್ಬರ ಬಂದು ಹೋಗುವವರೆಗೆ, ಸುರಿದ ಮಣ್ಣನ್ನು ಯಾರೂ ಮುಟ್ಟಬಾರದು. ಚೆನ್ನಾಗಿದೆ ಎಂದಳು ಹೆಲೆನ್. ಅವನಿಗೂ ಚೆನ್ನಾಗಿಯೇ ಕಂಡಿತು.

ಬಿಲ್ಡರುಗಳ ಸಭೆಯಲ್ಲಿ ದರ್ಶನ್ ಮೊದಲ ಸಾಲಿನಲ್ಲೇ ಕೂತಿದ್ದ. ಸಭೆ ಮುಗಿದ ಮೇಲೆ ಯತೀಶನ ಹೆಗಲಿಗೆ ಕೈ ಹಾಕಿ ನಕ್ಕ. “ಏನ್ ಗುರು, ಮೀನ್ ತಿನ್ದೇ ಇರೋನು ಮೀನಿಗೆ ಲಾ ಮಾಡ್ತಿದ್ದೀಯ. ಆಗ್ಲಿ ಬಿಡು, ನಾನ್ ಆ ದಂಡೆ ಕಡೆ ಸೀಸನ್ ಮುಗಿಯೋವರ್ಗೂ ತಲೆ ಹಾಕಲ್ಲ.”

ಸೀಸನ್ ಶುರುವಾಗುವ ಮೊದಲೇ ನಿಯಮ ಜಾರಿಗೆ ಬಂತು. ಅವನು ತಲೆ ಹಾಕುವುದಿಲ್ಲ ಎಂಬುದು ಯತೀಶನಿಗೂ ಗೊತ್ತಿತ್ತು. ದರ್ಶನ್ ಮೈಗಳ್ಳನೇ ಹೊರತು ದಡ್ಡನಲ್ಲ. ತಲೆ ಹಾಕುವ ಕೆಲಸವನ್ನು ಅವನ ಪರವಾಗಿ ಯತೀಶನೇ ಮಾಡಬೇಕಿತ್ತು.

ಮಣ್ಣು ಯಾವುದೆಂಬ ಬಗ್ಗೆ ಅವನಿಗೆ ಒಂದು ಕ್ಷಣವೂ ಅನುಮಾನವಿರಲಿಲ್ಲ. ಹಿತ್ತಿಲ ಗುಡ್ಡೆ ಕುಸಿದ ದಿನ ಹೇಗಿತ್ತೋ ಹಾಗೇ ಇತ್ತು. ಹೆಂಡತಿ ಅಪೂರ್ವ ತೆಗೆಸಿ ಎಂದು ಎಷ್ಟು ಹೇಳಿದರೂ ಅವನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಆ ವರ್ಷ ಬರಗಾಲ; ಗಿಡಕ್ಕೆ ಪೈಪಿನಲ್ಲಿ ನೀರು ಬಿಡುವುದಕ್ಕೂ ನಿರ್ಬಂಧವಿತ್ತು. ವಸಂತವೂ ಬೇಸಿಗೆಯೂ ಒಂದು ಒಳ್ಳೆಯ ಮಳೆಯಿಲ್ಲದೆ ಕಳೆದು, ಗುಡ್ಡೆ ಇಟ್ಟಿಗೆಯಷ್ಟು ಗಟ್ಟಿಯಾಗಿ ಒಣಗಿತ್ತು. ಅದರಲ್ಲಿ ಆ ಹಳೆಯ ಕಾರ್ಖಾನೆಯ ಇಟ್ಟಿಗೆ ಚೂರು, ನೀಲಿ ಬಣ್ಣದ ಟೈಲ್ಸಿನ ಚೂರು ಎಲ್ಲೆಲ್ಲೂ. ದರ್ಶನನ ಎಲ್ಲ ಸೈಟುಗಳಲ್ಲೂ ಇದೇ ಮಣ್ಣು. ಕ್ರೀಕಿನ ಜಾಗದ ಮೂಲೆಯಲ್ಲೂ ಇದರ ಒಂದು ರಾಶಿ ಬಿದ್ದಿತ್ತು. ಲ್ಯಾಬಿನವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ರಾಶಿಯಿಂದಲೇ ಎತ್ತಬಹುದಿತ್ತು, ಆದರೆ ಹಾಡಹಗಲು ಅಲ್ಲಿ ನಿಂತು ತುಂಬಲು ಹೊತ್ತಾಗುತ್ತದೆ, ಯಾರಾದರೂ ಕಂಡಾರು. ಅದಕ್ಕಿಂತ ಹೆಚ್ಚಾಗಿ, ಅಮ್ಮನನ್ನು ಕೊಂದ ಮಣ್ಣೇ ಅವನನ್ನು ಮುಗಿಸಬೇಕು ಎಂದು ಯತೀಶನಿಗೆ ಆಸೆ. ಈ ಆಸೆಯನ್ನು ಅವನು ತನಗೆ ತಾನೇ ಒಪ್ಪಿಕೊಂಡಿದ್ದ, ನಾಚಿಕೆಪಟ್ಟಿರಲಿಲ್ಲ.

ದಿನವನ್ನೂ ಅವನು ಹುಡುಕಬೇಕಾಗಲಿಲ್ಲ. ಯುಗಾದಿ ಬರುವುದು ಅಮಾವಾಸ್ಯೆಯ ಮರುದಿನ. ಅಂದರೆ ಮೀನು ದಂಡೆಗೆ ಏರುವುದೂ ಆಗಲೇ. ಕನ್ನಡದವರು ಬೇವು ಬೆಲ್ಲ ತಿನ್ನುವಾಗ ಗ್ಯಾಲಾಕ್ಸಿಯಸ್ ಹುಲ್ಲಿನಲ್ಲಿ ಮೊಟ್ಟೆಯಿಡುತ್ತಿರುತ್ತದೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ ಮಾತ್ರ ಎಲ್ಲ ವರ್ಷದಂತೆ ಮುಂದಿನ ಭಾನುವಾರ, ಡ್ಯಾಂಡಿನಾಂಗಿನ ಒಂದು ಹಾಲ್‌ನಲ್ಲಿ. ಅಷ್ಟು ಹೊತ್ತಿಗೆ ಮೊಟ್ಟೆಗಳು ದಂಡೆಯ ಮೇಲೆ ಸಾಲಾಗಿ ಕೂತಿರುತ್ತವೆ. ಮತ್ತು ಅಂದು ದರ್ಶನ್ ಮುಖ್ಯ ಅತಿಥಿ.

ಊಟದ ಒಬ್ಬಟ್ಟನ್ನು ಮಾಡುತ್ತಿದ್ದವರು ಇಂದಿರಮ್ಮ, ಪಶ್ಚಿಮದ ಕಡೆ, ಕ್ರೀಕಿಗೆ ಹತ್ತಿರದಲ್ಲೇ ಅವರ ಮನೆ. ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಒಬ್ಬಟ್ಟು ತರಲು ಪ್ರತಿ ವರ್ಷ ಯಾರೂ ಒಪ್ಪುತ್ತಿರಲಿಲ್ಲ. ಯತೀಶ ಒಪ್ಪಿಕೊಂಡ. ಸಂಘದ ಕಾರ್ಯದರ್ಶಿ ಅವನ ಕೈ ಕುಲುಕಿದ.

ಹಿಂದಿನ ವಾರವೆಲ್ಲ ಬೆಳಿಗ್ಗೆ ಆಫೀಸಿಗೆ ಹೋಗುವ ಮುನ್ನ ಅವನು ಹಿತ್ತಿಲಲ್ಲಿ ಸಲಿಕೆ ಹಿಡಿದ. ಗುಡ್ಡೆ ಕುಸಿದು ದಪ್ಪಗೆ ಬಿದ್ದಿದ್ದ ಕಡೆಯಿಂದಲೇ ಕೊರೆದು ಕೊರೆದು ಟ್ರೈಲರಿಗೆ ತುಂಬಿದ, ಹೆಂಟೆಗಳನ್ನು ಸಲಿಕೆಯ ಬೆನ್ನಿನಿಂದ ಕುಟ್ಟಿ ಪುಡಿ ಮಾಡಿದ, ಮೇಲೆ ಟಾರ್ಪಾಲು ಬಿಗಿದ.

“ಅಂತೂ ತೆಗಿಯೋಕ್ ಮನಸ್ ಬಂತಲ್ಲಾರೀ,” ಎಂದಳು ಅಪೂರ್ವ, ಕಾಫಿ ತಂದುಕೊಟ್ಟು.

“ಕಸದ ಟಿಪ್ಪಿಗೆ ಹಾಕಿ ಬರ್ತೀನಿ. ಸ್ವಲ್ಪ ಸ್ವಲ್ಪಾನೇ.”

ಅವಳಿಗೆ ಗಂಡ ದುಃಖದಿಂದ ಹೊರಗೆ ಬರುತ್ತಿದ್ದಾನೆ ಎಂದು ಸಮಾಧಾನವಾಯಿತು.

ಭಾನುವಾರ ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಹಾಲ್‌ನಲ್ಲಿ ಮಕ್ಕಳ ವೇಷಭೂಷಣ ಶುರುವಾದಾಗ ಯತೀಶ ಎದ್ದ. ದರ್ಶನ್ ರೇಷ್ಮೆ ಜುಬ್ಬಾ ತೊಟ್ಟು ವೇದಿಕೆಯ ಮೇಲೆ ಕೂತು, ಒನಕೆ ಓಬವ್ವನಾಗಿ ಬಂದ ಪುಟ್ಟ ಹುಡುಗಿಗೆ ಚಪ್ಪಾಳೆ ತಟ್ಟುತ್ತಿದ್ದ. ವೆಸ್ಟ್‌ಗೇಟ್ ಸೇತುವೆ ದಾಟಿ, ಮನೆಗೆ ಬಂದು ಟ್ರೈಲರ್ ಸಿಕ್ಕಿಸಿಕೊಂಡು, ಕ್ರೀಕಿನ ಕಡೆ ಹೊರಟ. ದರ್ಶನನ ಸೈಟಿನ ಗೇಟಿಗೆ ಸರಪಣಿ ಸುತ್ತಿತ್ತೇ ಹೊರತು ಬೀಗವಿರಲಿಲ್ಲ. ಅವನ ಯಾವ ಕೆಲಸವೂ ಹಾಗೇ. ಭಾನುವಾರದ ಮಧ್ಯಾಹ್ನ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯತೀಶ ದಂಡೆಯ ಹುಲ್ಲಿನ ಮೇಲೆ ಟ್ರೈಲರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ ಮಣ್ಣು ಸುರಿದ, ಸಲಿಕೆಯಿಂದ ಹರಡಿದ. ನೋಡುವವರಿಗೆ ಯಾರೋ ದಂಡೆ ಮಟ್ಟ ಮಾಡಲು ಹೊರಟು ಅರ್ಧಕ್ಕೆ ನಿಲ್ಲಿಸಿದಂತೆ ಕಾಣಬೇಕು. ಹರಡುವಾಗ ಒಮ್ಮೆ ಬಗ್ಗಿ ಹುಲ್ಲಿನ ಬುಡ ಬಿಡಿಸಿ ನೋಡಿದ. ಹೆಲೆನ್ ಹೇಳಿದಂತೆ ಸಬ್ಬಕ್ಕಿಯಷ್ಟೂ ಇಲ್ಲದ ಸಣ್ಣ ಸಣ್ಣ ಮೊಟ್ಟೆಗಳು, ಬಿಸಿಲಿಗೆ ಹೊಳೆದವು. ಅವನ ಕೈ ಒಂದು ಗಳಿಗೆ ನಿಂತಿತು. ನಿಮ್ಮ ಮೇಲೆ ನನಗೇನೂ ದ್ವೇಷವಿಲ್ಲ ಎಂದುಕೊಂಡು ಅವುಗಳ ಮೇಲೂ ಮಣ್ಣೆಳೆದ.

ಚಕ್ರದ ಗುರುತುಗಳನ್ನು ಸೊಪ್ಪಿನಿಂದ ಅಳಿಸಿದ. ಮನೆಯಲ್ಲಿ ಟ್ರೈಲರನ್ನು ಪೈಪು ಹಿಡಿದು ತೊಳೆಯಬಹುದಿತ್ತು, ಆದರೆ ನೀರಿನ ನಿರ್ಬಂಧವಿತ್ತಲ್ಲ, ಪೊರಕೆಯಲ್ಲೇ ಗುಡಿಸಿದ. ಬಟ್ಟೆ ಬದಲಿಸಿ, ಇಂದಿರಮ್ಮನವರ ಮನೆಯಿಂದ ಒಬ್ಬಟ್ಟಿನ ಡಬ್ಬಗಳನ್ನು ಹೇರಿಕೊಂಡು, ಜನ ಊಟಕ್ಕೆ ಕೂರುವ ಹೊತ್ತಿಗೆ ಹಾಲ್ ಸೇರಿದ. ಸೇತುವೆ ಮೇಲೆ ಟ್ರಾಫಿಕ್ ಎಂದು ಒಂದೆರಡು ಬೈಗುಳ ಬಿಟ್ಟ. ದರ್ಶನ್ ಒಬ್ಬಟ್ಟನ್ನು ಕೇಳಿ ಕೇಳಿ ಹಾಕಿಸಿಕೊಂಡ, ಮೇಲೆ ತುಪ್ಪ ಬಡಿಸಿದವನು ಯತೀಶನೇ.

ಸೋಮವಾರ ಹೆಲೆನ್ ಎಂದಿನಂತೆ ದಂಡೆ ನೋಡಲು ಹೋದಳು. ಮಧ್ಯಾಹ್ನದ ಹೊತ್ತಿಗೆ ಅಳುವ ಮುಖ ಮಾಡಿಕೊಂಡು ಯತೀಶನ ಟೇಬಲ್ಲಿನ ಮುಂದೆ ನಿಂತಳು. ಅಲ್ಲಿಂದಾಚೆಗೆ ನಿಯಮ ತನ್ನ ಕೆಲಸವನ್ನು ತಾನೇ ಮಾಡಿಕೊಂಡು ಹೋಯಿತು, ಯತೀಶ ಒಂದು ಬೆರಳನ್ನೂ ಅಲ್ಲಾಡಿಸಬೇಕಾಗಲಿಲ್ಲ. ಸೈಟಿನ ಕೆಲಸ ನಿಂತಿತು. ಮಣ್ಣಿನ ಸುತ್ತ ಟೇಪು ಕಟ್ಟಿದರು, ಯಾರೂ ಮುಟ್ಟಕೂಡದು. ಲ್ಯಾಬಿನವರು ಇಟ್ಟಿಗೆ ಚೂರು, ನೀಲಿ ಚೂರು ಎಲ್ಲ ನೋಡಿ ಇದು ದರ್ಶನನ ರಾಶಿಯ ಮಣ್ಣೇ ಎಂದರು. ಬ್ಯಾಂಕಿನವರು ಸಾಲ ಕೊಡುವುದನ್ನು ತಡೆದರು. ಸಂಘದಲ್ಲಿ ದರ್ಶನನ ಸುದ್ದಿ ಬಂದಾಗ ಜನ ದನಿ ತಗ್ಗಿಸಿ ಮಾತಾಡತೊಡಗಿದರು.

ಒಂದು ಸಂಜೆ ಅವನು ಕೌನ್ಸಿಲ್ಲಿನ ಕಾರ್ ಪಾರ್ಕಿನಲ್ಲಿ ಯತೀಶನಿಗಾಗಿ ಕಾಯುತ್ತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು.

“ಯತೀಶ, ನಾನ್ ಹಾಕ್ಸಿಲ್ಲ ಕಣೋ. ದೇವ್ರಾಣೆ. ಆವತ್ತು ನಾನು ನಿನ್ ಕಣ್ಮುಂದೇನೇ ಹಾಲ್‌ನಲ್ಲಿದ್ದೆ.”

“ಗೊತ್ತು.”

“ಮತ್ತೆ ಹೇಳೋ ಅವ್ರಿಗೆ. ಮನೆ ಹೋಗತ್ತೆ ಕಣೋ. ಎಲ್ಲಾ ಹೋಗತ್ತೆ.”

ಈ ಮಾತಿಗಾಗಿ ಯತೀಶ ತಿಥಿಯ ದಿನದಿಂದ ಕಾದಿದ್ದ. ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದ ಉತ್ತರವನ್ನು ಅವಸರವಿಲ್ಲದೆ ಹೇಳಿದ.

“ಏನ್ ಮಾಡೋಕಾಗತ್ತೆ ಮಗಾ. ನೆಲ ನಿಂದು, ಬಿಲ್ಡರ್ರೂ ನೀನೇ. ಗೇಟಿಗೆ ಒಂದ್ ಬೀಗ ಹಾಕ್ಬೇಕಿತ್ತು ನೀನು.”

ದರ್ಶನ್ ಅವನ ಮುಖವನ್ನೇ ನೋಡಿದ. ತಾನಾಡಿದ ಮಾತು ಅವನಿಗೆ ನೆನಪಾಯಿತೋ ಇಲ್ಲವೋ. “ಅಮ್ಮ ಇದ್ದಿದ್ರೆ ನೀನ್ ಹೀಗ್ ಮಾತಾಡ್ತಿರ್ಲಿಲ್ಲ,” ಎಂದ.

“ಅಮ್ಮನ್ ಹೆಸ್ರು ಎತ್ಬೇಡ.”

“ಎತ್ತೀನಿ. ನಂಗೂ ಅಮ್ಮಾನೇ ಅವ್ರು. ಆಸ್ಪತ್ರೆಗೆ ದಿನಾ ಬರ್ತಿದ್ದೆ ನಾನು, ನೀನ್ ಇಲ್ದಿದ್ದಾಗ. ಆವತ್ತು ತಿಥಿಲಿ ಏನ್ ಮಾತಾಡ್ದೆ ಅಂತ ನಂಗೇ ಗೊತ್ತಿಲ್ಲ. ತಪ್ಪು ನಂದೂ ಅಂತ ಗೊತ್ತಾಗಿ ಭಯಕ್ಕೆ ಏನೋ ಅಂದೆ.”

ಯತೀಶ ಕಾರಿನ ಬಾಗಿಲು ಹಾಕಿಕೊಂಡ. ದಾರಿಯುದ್ದಕ್ಕೂ ಒಂದು ಬಗೆಯ ಸಂಕಟವಾಯಿತು. ಮನೆ ತಲುಪುವ ಹೊತ್ತಿಗೆ ಅದನ್ನು ಕೋಪವಾಗಿ ತಿರುಗಿಸಿಕೊಂಡಿದ್ದ. ಈಗ ಅಳುತ್ತಾನೆ ಬಡ್ಡಿಮಗ, ಜೇಬಿಗೆ ಏಟು ಬಿದ್ದ ಮೇಲೆ.

ಅದೇ ವಾರ ಮಳೆ ಹಿಡಿಯಿತು. ಬರದ ಊರು ಮಳೆಗೆ ಹಬ್ಬ ಮಾಡಿತು. ಹೊರಗಿನ್ನೂ ಬೆಚ್ಚಗಿತ್ತು, ಮಣ್ಣಿನ ವಾಸನೆ ಮನೆಯೊಳಗೂ ಬಂತು. ಮುಂದಿನ ಅಮಾವಾಸ್ಯೆಯ ಉಬ್ಬರ ಕಳೆದ ಮರುದಿನ ದಂಡೆಯ ಕೊನೆಯ ತಪಾಸಣೆ. ಅದಾದ ಮೇಲೆ ಪರ್ಮಿಟ್ ರದ್ದಾಗುವುದಷ್ಟೇ ಬಾಕಿ. ಅಂದು ಬೆಳಿಗ್ಗೆ ಯತೀಶ ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿದ. ಹಿತ್ತಿಲಲ್ಲಿ ತಾನು ಕೊರೆದ ಗುಂಡಿಯ ಅಂಚಿನಲ್ಲಿ ಅಷ್ಟು ಹಸಿರು ಚಿಗುರಿತ್ತು. ಕಳೆ, ಭಾನುವಾರ ಕೀಳಬೇಕು ಎಂದುಕೊಂಡ. ಅಪೂರ್ವ ಅವನ ಶರ್ಟಿನ ಕಾಲರ್ ಸರಿಮಾಡಿ, ಬಹಳ ದಿನಗಳ ಮೇಲೆ ನಿಮ್ಮ ಮುಖ ನಿಮ್ಮ ಮುಖದ ಹಾಗಿದೆ ಎಂದಳು. ಅವನಿಗೂ ಹಾಗೇ ಅನ್ನಿಸುತ್ತಿತ್ತು.

ದಂಡೆಯ ಮೇಲೆ ಮೂವರೇ ಇದ್ದರು. ಹೆಲೆನ್ ಬೂಟು ಹಾಕಿಕೊಂಡು ಟೇಪಿನೊಳಗೆ ಇಳಿದಳು. ಒಡೆಯ ಹಾಜರಿರಬೇಕೆಂದು ನಿಯಮದಲ್ಲಿದ್ದುದರಿಂದ ದರ್ಶನ್ ಕೈಕಟ್ಟಿ ಒಂದು ಕಡೆ ನಿಂತಿದ್ದ. ಸುರಿದ ಮಣ್ಣು ಒಂದು ಚೂರೂ ಕದಲದೆ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆದರೆ ಮಳೆಗೆ ಅದರ ಮೇಲೆಲ್ಲ ಗೇಣುದ್ದದ ಸಸಿಗಳು ಎದ್ದಿದ್ದವು, ಮೂರು ಮೂರು ಎಲೆ, ನೇರಳೆ ಬಣ್ಣದ ಕಾಂಡ. ಹೆಲೆನ್ ಅದನ್ನು ಬಗ್ಗಿ ನೋಡಿ ಹುಬ್ಬುಗಂಟಿಕ್ಕಿದಳು. ಈ ಕ್ರೀಕಿನ ಹುಲ್ಲು ಕಡ್ಡಿಯೆಲ್ಲ ನನಗೆ ಪರಿಚಯ, ಇದನ್ನು ಮಾತ್ರ ನೋಡಿಲ್ಲ, ಯಾವುದೋ ಹುರುಳಿಯ ಜಾತಿ ಇರಬೇಕು, ಇಲ್ಲಿಗೆ ಹೇಗೆ ಬಂತು ಯತೀಶ್, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ.

ಅಷ್ಟರಲ್ಲಿ ದರ್ಶನ್ ಟೇಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದ. ಆಮೇಲೆ ಮೇಲುಮಣ್ಣಿನಿಂದ, ಇನ್ನೂ ಮೊಳೆಯದ ಒಂದು ಕಾಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಹುಳು ಬೀಳದಂತೆ ಊರಲ್ಲಿ ಬಿತ್ತನೆಯ ಕಾಳಿಗೆ ಕಟ್ಟುವ ಕೆಮ್ಮಣ್ಣು ಅದರ ಬಿಳಿ ಮೂತಿಯ ಸುತ್ತ ಇನ್ನೂ ಅಂಟಿತ್ತು. “ಅವರೆ,” ಎಂದ ಮೆಲ್ಲಗೆ. “ಮಾಗಡಿ ಅವರೆ ಕಣೋ ಇದು. ಸೆಪ್ಟೆಂಬರಲ್ಲಿ ಊರಿಂದ ಬರೋವಾಗ ನಾನೇ ಕೋಟಿನ ಜೇಬಲ್ಲಿ ಬಚ್ಚಿಟ್ಕೊಂಡು ತಂದಿದ್ದೆ, ಏರ್‌ಪೋರ್ಟಲ್ಲಿ ಬೀಜ ತರೋಹಾಗಿಲ್ಲ ಅಂತ ಹುಡುಕ್ತಾರೆ, ಪುಣ್ಯಕ್ಕೆ ಹಿಡೀಲಿಲ್ಲ. ಅಮ್ಮ ಕೇಳಿದ್ರು. ಇರೋದೇ ಒಂದ್ ಹಿಡಿ, ಅಷ್ಟನ್ನೂ ಅವ್ರ ಕೈಗೇ ಕೊಟ್ಟೆ. ಹಿಂದ್ಗಡೆ ಗುಡ್ಡೆ ಮೇಲೆ ಹಾಕ್ತೀನಿ, ಬಿಟ್ಟಾಗ ನಿಂಗೂ ಸೊಗಡವರೆ ಸಾರು ಮಾಡಿಕೊಡ್ತೀನಿ, ಯತೀಶನಿಗೆ ಮಾತ್ರ ಹೇಳ್ಬೇಡ, ಅವನು ಕಾನೂನು ಅಂತ ಕಿತ್ತು ಬಿಸಾಕ್ತಾನೆ ಅಂದಿದ್ರು.” ಯತೀಶನಿಗೆ ಅಂದು ಬೆಳಿಗ್ಗೆ ಹಿತ್ತಿಲಲ್ಲಿ ಕಂಡ ಹಸಿರು ಕಣ್ಣ ಮುಂದೆ ಬಂತು, ಅಲ್ಲೂ ಮೂರು ಮೂರು ಎಲೆ, ಅಲ್ಲೂ ನೇರಳೆ ಕಾಂಡ. ಹಿಂದ್ಗಡೆ ನೀರು, ಹಿಂದ್ಗಡೆ ನೀರು. ಹೆಲೆನ್ ಇಬ್ಬರ ಮುಖವನ್ನೂ ನೋಡಿ, ಅವರೇನು ಹೇಳುತ್ತಿದ್ದಾರೆ ಯತೀಶ್, ಎಂದು ಕೇಳಿದಳು. ದರ್ಶನ್ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಿಂತ. “ನೀನೇ ಹೇಳ್ತೀಯೋ,” ಎಂದ, “ನಾನ್ ಹೇಳ್ಲೋ?”